ಇಂಜೆಕ್ಷನ್ ಕೊಟ್ಟರೂ ಕಾಕಾ ಏಕೆ ಏಳಲಿಲ್ಲ?

ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳೇ,

ಈ ಸಲ ಹಬ್ಬದ ಅಡುಗೆಯನ್ನಾಗಲಿ ಊರಿನ ನೆನಪನ್ನಾಗಲಿ ಬರೆಯದೆ, ಒಂದು ಔಷಧದ ವಿಷಯ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ, ಮದುವೆಯಾಗಿ 1993ರಲ್ಲಿ ಈ ಊರಿಗೆ ಬಂದ ಗೃಹಿಣಿ. ಇದರಲ್ಲಿರುವ ವೈದ್ಯಕೀಯ ವಿಷಯವನ್ನು ನನಗೆ ತಿಳಿಸಿ ಹೇಳಿದವಳು ನನ್ನ ಅಣ್ಣನ ಮಗಳು. ಅವಳು ಅರಿವಳಿಕೆ ತಜ್ಞೆ. ನಿಮ್ಮಲ್ಲಿ ಕೆಲವರಿಗೆ ಕನ್ನಡ ಓದುವುದು ನಿಧಾನ ಎಂದು ನನಗೆ ಗೊತ್ತು. ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಂಡರೂ ಸರಿ, ಕೊನೆಯವರೆಗೆ ಬನ್ನಿ.

2018ರ ಡಿಸೆಂಬರ್ ತಿಂಗಳ ಒಂದು ಮುಂಜಾನೆ. ನಮ್ಮ ಸೊಸೈಟಿಯ ಮೂರನೆಯ ಮಹಡಿಯ ಕಾಕಾ ವಾಕಿಂಗ್ ಮುಗಿಸಿ ಬರುತ್ತಿದ್ದವರು ಪಾರ್ಕಿಂಗ್‌ನಲ್ಲಿ ಕುಸಿದು ಬಿದ್ದರು. ಅವರೂ ನಮ್ಮ ಕಡೆಯವರೇ. ಕಾಕು ಕೂಗಿದ್ದು ಕೇಳಿ ನಾವೆಲ್ಲ ಓಡಿದೆವು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಇನ್ನೊಬ್ಬರು ಅಂಗಾಲು ತಿಕ್ಕಿದರು. ನಾನು ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಕಾಕಾ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಒಂದು ಉಸಿರು ಎಳೆಯುತ್ತಿದ್ದರು. ‘ಉಸಿರು ಇದೆ, ಏನೂ ಆಗಿಲ್ಲ’ ಎಂದು ನಾವು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. ಯಾರದೋ ಕಾರು ತೆಗೆದು, ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು.

ಆಸ್ಪತ್ರೆಯವರು ಏನೂ ಕಡಿಮೆ ಮಾಡಲಿಲ್ಲ. ಎದೆ ಒತ್ತಿದರು, ಶಾಕ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ನಿಂತ ಹೃದಯ ಮತ್ತೆ ಬಡಿಯಿತು. ನಾವು ದೇವರಿಗೆ ಕೈ ಮುಗಿದೆವು. ಆದರೆ ಕಾಕಾ ಕಣ್ಣು ತೆರೆಯಲಿಲ್ಲ. ಆರನೆಯ ದಿನ ಹೋಗಿಬಿಟ್ಟರು.

ಹದಿಮೂರು ದಿನ ಕಳೆದ ಮೇಲೆ ಕಾಕು ನನ್ನನ್ನು ಕರೆದು ಕೂರಿಸಿಕೊಂಡು ಕೇಳಿದರು: “ನೀ ಓದಿದಾಕಿ, ನನಗ ಒಂದು ಹೇಳು. ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಅವರ ಹಾರ್ಟ್ ಚಾಲೂ ಮಾಡಿದ್ರು. ಮತ್ತ ಅವರ‍್ಯಾಕ ಏಳಲಿಲ್ಲ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಭಾನುವಾರ ಅಣ್ಣನ ಮಗಳು ಮನೆಗೆ ಬಂದಾಗ ಅದೇ ಪ್ರಶ್ನೆಯನ್ನು ಅವಳ ಮುಂದಿಟ್ಟೆ.

ಹೆಸರಿನಲ್ಲೇ ಇದೆ ಅರ್ಥ

ಕಾಕಾಗೆ ಕೊಟ್ಟ ಆ ಇಂಜೆಕ್ಷನ್ ಅಡ್ರಿನಾಲಿನ್. ‘ಅಡ್ರಿನಾಲಿನ್ ರಶ್’ ಎಂದು ನೀವು ಆಟದ ಮೈದಾನದಲ್ಲಿ ಹೇಳುತ್ತೀರಲ್ಲ, ಅದೇ. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳಲ್ಲಿ ಇದು ತಯಾರಾಗುತ್ತದೆ. ಲ್ಯಾಟಿನ್‌ನಲ್ಲಿ ‘ಅಡ್’ ಎಂದರೆ ಬಳಿ, ‘ರೆನ್’ ಎಂದರೆ ಮೂತ್ರಪಿಂಡ. ಅಮೆರಿಕದವರು ಇದನ್ನೇ ಎಪಿನೆಫ್ರಿನ್ ಎನ್ನುತ್ತಾರೆ. ಅದು ಗ್ರೀಕ್, ಅರ್ಥ ಮಾತ್ರ ಅದೇ, ಮೂತ್ರಪಿಂಡದ ಮೇಲಿನದು. ನನ್ನ ಬಿ.ಎ. ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು!

1894ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಎಂಬ ಇಬ್ಬರು ಈ ಗ್ರಂಥಿಯ ಸಾರವನ್ನು ಪ್ರಾಣಿಗಳ ರಕ್ತನಾಳಕ್ಕೆ ಕೊಟ್ಟಾಗ ರಕ್ತದ ಒತ್ತಡ ಸರ‍್ರನೆ ಏರಿದ್ದನ್ನು ಕಂಡರು. 1900ರ ಸುಮಾರಿಗೆ ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಮಿನೆ, ತನ್ನ ಸಹಾಯಕ ಕೈಜೊ ಉಯೆನಕನೊಂದಿಗೆ, ಅದನ್ನು ಶುದ್ಧ ಹರಳಿನ ರೂಪದಲ್ಲಿ ತೆಗೆದನು. ಹೀಗೆ ರಕ್ತನಾಳಗಳನ್ನು ಬಿಗಿ ಮಾಡಿ ಒತ್ತಡ ಏರಿಸುವ ಔಷಧಗಳಿಗೆಲ್ಲ ವ್ಯಾಸೊಪ್ರೆಸರ್ ಎಂಬ ಒಂದೇ ಕುಲನಾಮ. ‘ವ್ಯಾಸ್’ ಎಂದರೆ ನಾಳ. ‘ಪ್ರೆಸ್’ ಏನೆಂದು ನಿಮಗೇ ಗೊತ್ತು. ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್, ವ್ಯಾಸೊಪ್ರೆಸಿನ್, ಮೆಫೆಂಟರ್ಮಿನ್ ಎಲ್ಲ ಈ ಕುಲದವೇ.

ಸೊಸೈಟಿಯ ಟಾಕಿಯ ಪಾಠ

ಇವು ಹೇಗೆ ಕೆಲಸ ಮಾಡುತ್ತವೆ? ಬೇಸಿಗೆಯಲ್ಲಿ ನಮ್ಮ ಸೊಸೈಟಿಗಳಲ್ಲಿ ನೀರಿನ ಪಾಡು ನಿಮಗೆ ಗೊತ್ತಿದೆ. ಪಂಪ್ ನೀರು ಎತ್ತುತ್ತದೆ, ಆದರೆ ಒತ್ತಡ ಸಾಲದು, ಮೇಲಿನ ಮಹಡಿಗೆ ಹನಿ ನೀರಿಲ್ಲ. ಆಗ ವಾಚ್‌ಮನ್ ಏನು ಮಾಡುತ್ತಾನೆ? ತೋಟದ ವಾಲ್ವ್, ಕೆಳಗಿನ ಮಹಡಿಯ ವಾಲ್ವ್ ಬಿಗಿ ಮಾಡುತ್ತಾನೆ. ಇದ್ದಷ್ಟು ನೀರು ಮೇಲಕ್ಕೆ ಏರುತ್ತದೆ.

ಅಡ್ರಿನಾಲಿನ್ ಮಾಡುವುದೂ ಇದನ್ನೇ. ಚರ್ಮ, ಕೈಕಾಲು, ಕರುಳು ಇವುಗಳ ಸಣ್ಣ ನಾಳಗಳನ್ನು ಬಿಗಿ ಮಾಡಿ, ಇದ್ದಷ್ಟು ರಕ್ತವನ್ನು ಹೃದಯಕ್ಕೂ ಮಿದುಳಿಗೂ ತಿರುಗಿಸಲು ನೋಡುತ್ತದೆ. ಹೃದಯ ಎಲ್ಲರಿಗೂ ರಕ್ತ ಹಂಚುತ್ತದೆ ನಿಜ, ಆದರೆ ಅದರ ಸ್ನಾಯುವಿಗೂ ತನ್ನದೇ ನಾಳಗಳ ಮೂಲಕ ರಕ್ತ ಬರಬೇಕು. ಆ ನಾಳಗಳಲ್ಲಿ ಸಾಕಷ್ಟು ಒತ್ತಡವಿಲ್ಲದಿದ್ದರೆ ನಿಂತ ಹೃದಯ ಮತ್ತೆ ಹೊರಡುವುದಿಲ್ಲ.

ಈಗ ಮುಖ್ಯ ಮಾತು. ಪಂಪೇ ನಿಂತಿದ್ದರೆ? ಎಷ್ಟು ವಾಲ್ವ್ ಬಿಗಿ ಮಾಡಿದರೂ ಒಂದು ತೊಟ್ಟು ನೀರು ಏರುವುದಿಲ್ಲ. ಅಣ್ಣನ ಮಗಳು ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ: “ಅತ್ಯಾ, ಆ ಔಷಧಕ್ಕ ಕಾಲಿಲ್ಲ. ಕೈಯಾಗ ಚುಚ್ಚಿದ್ದು ತಾನಾಗಿ ಹೃದಯಕ್ಕ ನಡಕೋತ ಹೋಗೂದಿಲ್ಲ. ಯಾರರ ಎದಿ ಒತ್ತಿ ರಕ್ತ ಹರಸಿದ್ರ, ಆ ರಕ್ತದ ಕೂಡ ಹೋಗ್ತದ.”

ಹೃದಯ ನಿಂತಾಗ ಪಂಪ್ ಎಂದರೆ ಎದುರಿಗಿರುವವರ ಎರಡು ಕೈ. ಇದು ಹೊಸ ಸಂಗತಿಯೇನಲ್ಲ. 1906ರಲ್ಲೇ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್, ಡೋಲಿ ಎಂಬ ಸಹೋದ್ಯೋಗಿಯೊಂದಿಗೆ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಅಡ್ರಿನಾಲಿನ್ ಜೊತೆಗೆ ಎದೆ ಒತ್ತುವುದನ್ನೂ ಬಳಸಿದ್ದರು. 1960ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆ ಕೊಯ್ಯದೆ ಮೇಲಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು ತೋರಿಸಿಕೊಟ್ಟರು. ಅಲ್ಲಿಂದ ಈ ವಿದ್ಯೆ ಆಸ್ಪತ್ರೆಯ ಗೋಡೆ ದಾಟಿ ಸಾಮಾನ್ಯರ ಕೈಗೆ ಬಂತು.

ಔಷಧ ಎಷ್ಟು ಮಾಡುತ್ತದೆ, ಎಷ್ಟು ಮಾಡುವುದಿಲ್ಲ

ಹೃದಯ ಸ್ತಂಭನವಾದ ದೊಡ್ಡವರಿಗೆ ವೈದ್ಯರು ಪ್ರತಿ 3ರಿಂದ 5 ನಿಮಿಷಕ್ಕೆ 1 ಮಿಲಿಗ್ರಾಂ ಅಡ್ರಿನಾಲಿನ್ ಅನ್ನು ರಕ್ತನಾಳಕ್ಕೆ, ನಾಳ ಸಿಗದಿದ್ದರೆ ಎಲುಬಿನ ಒಳಗಿನ ಮಜ್ಜೆಗೆ, ಕೊಡುತ್ತಾರೆ. ಹೃದಯ ಅದುರುತ್ತಾ ತಾಳ ತಪ್ಪಿದ್ದರೆ ಮೊದಲು ವಿದ್ಯುತ್ ಶಾಕ್, ಅದಕ್ಕೆ ಬಗ್ಗದಿದ್ದರೆ ಅಡ್ರಿನಾಲಿನ್. ಪೂರ್ತಿ ಸ್ತಬ್ಧವಾಗಿದ್ದರೆ ಶಾಕ್‌ನಿಂದ ಪ್ರಯೋಜನವಿಲ್ಲ. ಎದೆ ಒತ್ತುತ್ತಾ, ಆದಷ್ಟು ಬೇಗ ಅಡ್ರಿನಾಲಿನ್.

ಇಷ್ಟು ವರ್ಷ ಕೊಡುತ್ತಾ ಬಂದ ಈ ಔಷಧ ನಿಜವಾಗಿ ಎಷ್ಟು ಜನರನ್ನು ಉಳಿಸುತ್ತದೆ? ಇದನ್ನು ಬ್ರಿಟನ್ನಿನ ವೈದ್ಯರು ಆಸ್ಪತ್ರೆಯ ಹೊರಗೆ ಹೃದಯ ನಿಂತ 8,014 ಜನರಲ್ಲಿ ಪರೀಕ್ಷಿಸಿದರು. ಪ್ಯಾರಾಮೆಡಿಕ್-2 ಎಂಬ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಅಡ್ರಿನಾಲಿನ್, ಅರ್ಧ ಜನರಿಗೆ ಬರೀ ಉಪ್ಪುನೀರು. ಎದೆ ಒತ್ತುವುದೇ ಮೊದಲಾದ ಮಿಕ್ಕ ಉಪಚಾರ ಇಬ್ಬರಿಗೂ ಒಂದೇ.

ಫಲವನ್ನು ಗಮನವಿಟ್ಟು ಓದಿ. ಹೃದಯ ಮತ್ತೆ ಬಡಿದದ್ದು ಅಡ್ರಿನಾಲಿನ್ ಪಡೆದ 100ರಲ್ಲಿ ಸುಮಾರು 36 ಜನರಿಗೆ, ಪಡೆಯದವರಲ್ಲಿ ಸುಮಾರು 12 ಜನರಿಗೆ. ಮೂರು ಪಟ್ಟು! ಆದರೆ ಒಂದು ತಿಂಗಳ ನಂತರ ಬದುಕಿದ್ದವರು ಒಂದು ಕಡೆ ಶೇಕಡಾ 3.2, ಇನ್ನೊಂದು ಕಡೆ ಶೇಕಡಾ 2.4. ಮಿದುಳು ಚೆನ್ನಾಗಿ ಉಳಿದು ಮನೆಗೆ ಹೋದವರು ಶೇಕಡಾ 2.2 ಮತ್ತು 1.9, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆ ರೋಗಿಗಳಿಗೆ ಫೋನ್ ಕರೆ ಹೋದಾಗಿನಿಂದ ಔಷಧ ಒಳಗೆ ಹೋಗುವವರೆಗೆ ಸಾಮಾನ್ಯವಾಗಿ 21 ನಿಮಿಷ ಹಿಡಿದಿತ್ತು.

ಹೃದಯ ಗಟ್ಟಿ ಜೀವ. ತಡವಾಗಿ ಎಬ್ಬಿಸಿದರೂ ಏಳಬಹುದು. ಮಿದುಳು ಹಾಗಲ್ಲ. ರಕ್ತ ನಿಂತ ನಾಲ್ಕೈದು ನಿಮಿಷಕ್ಕೆಲ್ಲ ಅದು ಕೆಡಲು ಶುರುವಾಗುತ್ತದೆ. ಕಾಕು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಇಂಜೆಕ್ಷನ್ ತನ್ನ ಕೆಲಸ ಮಾಡಿತ್ತು. ಅದಕ್ಕಿಂತ ಮುಂಚಿನ ಕಾಲು ಗಂಟೆಯಲ್ಲಿ ಮಾಡಬೇಕಾದ ಕೆಲಸವನ್ನು, ಅಲ್ಲಿ ನಿಂತಿದ್ದ ನಾವು ಏಳೆಂಟು ಜನ ಮಾಡಿರಲಿಲ್ಲ. ಕಾಕಾ ಎಳೆಯುತ್ತಿದ್ದ ಆ ಗೊರಕೆಯಂಥ ಉಸಿರು ಉಸಿರೇ ಅಲ್ಲವಂತೆ. ಹೃದಯ ನಿಂತ ಮೇಲೆ ಕೆಲವರಲ್ಲಿ ಕಾಣುವ ಎದುಸಿರು ಅದು. ಅದೇ ನಮಗೆ ‘ಈಗಲೇ ಒತ್ತಿ’ ಎಂಬ ಸೂಚನೆಯಾಗಬೇಕಿತ್ತು.

ಹಾಗಾದರೆ ಈ ಔಷಧ ವ್ಯರ್ಥವೇ ಎಂದು ಕೇಳಿದೆ. ಅಲ್ಲ ಎಂದಳು. ಉಳಿದವರಲ್ಲಿ ಕೆಲವರು ಅದರಿಂದಲೇ ಉಳಿದವರು. ಐ.ಸಿ.ಯು.ನಲ್ಲಿ ರಕ್ತದೊತ್ತಡ ಕುಸಿದ ರೋಗಿಗಳಿಗೆ ನಾರ್‌ಅಡ್ರಿನಾಲಿನ್ ಅನ್ನು ಯಂತ್ರದ ಮೂಲಕ ಮೈಕ್ರೋಗ್ರಾಂ ಲೆಕ್ಕದಲ್ಲಿ ಬಿಡುತ್ತಾರೆ. ಒಬ್ಬರು ಸದಾ ಒತ್ತಡದ ಅಂಕಿಯ ಮೇಲೆ ಕಣ್ಣಿಟ್ಟಿರಬೇಕು. ಹೆಚ್ಚಾದರೆ ಬೆರಳ ತುದಿಗೆ ರಕ್ತ ಸಾಲದೆ ಕಪ್ಪಾಗಬಹುದು. ಸಣ್ಣ ನಾಳದಿಂದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಸಾಯಬಹುದು. ಯಾವ ಔಷಧ ಯಾರಿಗೆ ಎಂಬುದನ್ನೂ ವೈದ್ಯರು ತಿದ್ದಿಕೊಳ್ಳುತ್ತಲೇ ಬಂದಿದ್ದಾರೆ. ವ್ಯಾಸೊಪ್ರೆಸಿನ್ ಅನ್ನು ಹೃದಯ ಸ್ತಂಭನದ ಅಮೆರಿಕನ್ ಮಾರ್ಗಸೂಚಿಯಲ್ಲಿ 2000ದಲ್ಲಿ ಸೇರಿಸಿದ್ದರು. ಅಡ್ರಿನಾಲಿನ್‌ಗಿಂತ ಹೆಚ್ಚಿನ ಲಾಭ ಕಾಣದೆ 2015ರಲ್ಲಿ ತೆಗೆದರು. ಹಿಂದೆ ಬಹಳ ಬಳಸುತ್ತಿದ್ದ ಡೋಪಮಿನ್‌ನಿಂದ ಹೃದಯದ ತಾಳ ಹೆಚ್ಚಾಗಿ ತಪ್ಪುತ್ತದೆಂದು 2010ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಮೇಲೆ, ನಾರ್‌ಅಡ್ರಿನಾಲಿನ್ ಅದರ ಮುಂದೆ ಬಂತು.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೋದಾಗ ನೀವೆಲ್ಲ ಎಷ್ಟು ಅತ್ತಿರೆಂದು ನಾನು ನೋಡಿದ್ದೇನೆ. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ತಂದಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ಕೊಡುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಬೇರೆ. ಹೃದಯಾಘಾತದಲ್ಲಿ ನಾಳಕ್ಕೆ ಅಡ್ಡ ಕುಳಿತ ರಕ್ತದ ಗಡ್ಡೆಯನ್ನು ಅದು ಕರಗಿಸುತ್ತದೆ. ಹೃದಯಾಘಾತದಲ್ಲಿ ಮನುಷ್ಯ ಸಾಮಾನ್ಯವಾಗಿ ಎಚ್ಚರವಿದ್ದು ಎದೆನೋವು, ಬೆವರು ಎನ್ನುತ್ತಾನೆ. ಹೃದಯ ಸ್ತಂಭನದಲ್ಲಿ ಎಚ್ಚರವೇ ಇರುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಆದ್ದರಿಂದ ಎದೆನೋವನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗಬೇಡಿ, ಅಪ್ಪನನ್ನೂ ಮಲಗಲು ಬಿಡಬೇಡಿ.

ಜಿಮ್‌ಗೆ ಹೋಗುವ ಮಕ್ಕಳಿಗೆ

ಈಗ ಸ್ವಲ್ಪ ಕಹಿಯಾದ ಮಾತು. ಮೇಲೆ ಮೆಫೆಂಟರ್ಮಿನ್ ಎಂದೆನಲ್ಲ, ಅದು ಅಣ್ಣನ ಮಗಳ ನಿತ್ಯದ ಔಷಧ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಅರಿವಳಿಕೆ ಕೊಟ್ಟಾಗ ತಾಯಿಯ ರಕ್ತದೊತ್ತಡ ಇಳಿದರೆ, ಕೆಲವೇ ಮಿಲಿಗ್ರಾಂ ಕೊಟ್ಟು ಏರಿಸುತ್ತಾರೆ. ನಮ್ಮ ನರಗಳ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಾಲಿನ್ ಅನ್ನು ಅದು ಹೊರಗೆ ಬಿಡಿಸುತ್ತದೆ. ಎಷ್ಟೋ ತಾಯಂದಿರನ್ನು ಕಾಪಾಡಿದ ಔಷಧ.

ಅದೇ ಔಷಧವನ್ನು ಕದ್ದುಮುಚ್ಚಿ ಜಿಮ್‌ನ ಹುಡುಗರಿಗೆ ಮಾರುತ್ತಿದ್ದವರನ್ನು ಇದೇ ಪುಣೆಯ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹಿಡಿದಿರುವುದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಚುಚ್ಚಿಕೊಂಡರೆ ದಣಿವು ತಿಳಿಯುವುದಿಲ್ಲ, ಇನ್ನೂ ನಾಲ್ಕು ಸುತ್ತು ಭಾರ ಎತ್ತಬಹುದು ಎಂಬ ಆಸೆ. ಇದು ಸ್ನಾಯು ಬೆಳೆಸುವ ಔಷಧವಲ್ಲ. ಆಂಫೆಟಮಿನ್ ಎಂಬ ಉತ್ತೇಜಕದ ಬಳಗಕ್ಕೆ ಸೇರಿದ್ದು, ಕ್ರೀಡಾಕೂಟಗಳಲ್ಲಿ ನಿಷಿದ್ಧ. ದಣಿವು ಎನ್ನುವುದು ಶರೀರ ಬಡಿಯುವ ಗಂಟೆ. ಗಂಟೆಯ ನಾಲಿಗೆ ಕಿತ್ತರೆ ಬೆಂಕಿ ಆರುತ್ತದೆಯೇ? ಭಾರ ಎತ್ತುವಾಗ ಮೊದಲೇ ಏರಿದ ಒತ್ತಡದ ಮೇಲೆ ಇದು ಇನ್ನಷ್ಟು ಏರಿಸುತ್ತದೆ, ಹೃದಯದ ತಾಳ ತಪ್ಪಬಹುದು. ಚಟ ಹತ್ತುತ್ತದೆ, ಕೆಲವರಿಗೆ ಇಲ್ಲದ ಅನುಮಾನ, ಭ್ರಮೆ ಹಿಡಿಯುತ್ತದೆ. ನಿಂತ ಹೃದಯವನ್ನು ಎಬ್ಬಿಸುವ ಕುಲದ ಔಷಧವೇ ಓಡುತ್ತಿರುವ ಹೃದಯವನ್ನು ನಿಲ್ಲಿಸಲೂ ಬಲ್ಲದು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಯಾವ ಗೆಳೆಯ, ಯಾವ ಟ್ರೇನರ್ ಕೊಟ್ಟರೂ ಬೇಡ ಎನ್ನಿ. ಈಗಾಗಲೇ ಮುಟ್ಟಿದ್ದರೆ ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಿ, ವೈದ್ಯರ ಬಳಿ ಹೋಗಿ. ನಾಲ್ಕು ಮಾತು ಬೈದರೂ ಕೈ ಬಿಡುವವರಲ್ಲ ನಾವು.

ನಿಮ್ಮ ಕೈಯಲ್ಲಿರುವ ಔಷಧ

ಅಡ್ರಿನಾಲಿನ್ ಕೊಡುವುದು ವೈದ್ಯರ ಕೆಲಸ. ಅದು ಬರುವ ತನಕ ಮಿದುಳನ್ನು ಕಾಯುವುದು ನಿಮ್ಮ ಕೆಲಸ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲೇ ಸಾಮಾನ್ಯ ಜನರಿಗಾಗಿ, ಬಾಯಿಗೆ ಬಾಯಿಟ್ಟು ಊದದೆ ಬರೀ ಎದೆ ಒತ್ತುವ ಸುಲಭ ಕ್ರಮವನ್ನು ಪ್ರಕಟಿಸಿದ್ದಾರೆ. ಕಾಕಾ ಬೀಳುವ ಒಂದು ವರ್ಷ ಮೊದಲು! ನಮಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ದೊಡ್ಡವರು ಯಾರಾದರೂ ಕುಸಿದು ಬಿದ್ದರೆ ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರವಿಲ್ಲ, ಉಸಿರಾಟವಿಲ್ಲ ಅಥವಾ ಬರೀ ಗೊರಕೆಯಂಥ ಎದುಸಿರು ಇದೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಚ್ಚಿಡಿ. ಮಹಾರಾಷ್ಟ್ರದಲ್ಲಿ 2014ರಲ್ಲಿ ಶುರುವಾದ ಈ ಸೇವೆಯ ದೊಡ್ಡ ಆಂಬುಲೆನ್ಸ್‌ಗಳಲ್ಲಿ ಶಾಕ್ ಕೊಡುವ ಯಂತ್ರವೂ ಇರುತ್ತದೆ. ಒಬ್ಬರು ಗೇಟಿಗೆ ಹೋಗಿ ನಿಲ್ಲಿ, ಒಬ್ಬರು ಲಿಫ್ಟ್ ಹಿಡಿದಿಡಿ.

ನೀವು ಪಕ್ಕದಲ್ಲಿ ಮೊಣಕಾಲೂರಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ ಒತ್ತಿ. ಎದೆ 5 ಸೆಂಟಿಮೀಟರಿಗೆ ಕಡಿಮೆ ಇಲ್ಲದಂತೆ, 6 ಮೀರದಂತೆ ಇಳಿಯಲಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯ ಮತ್ತೆ ತುಂಬಿಕೊಳ್ಳುವುದು ಆಗಲೇ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಏಕೆಂದರೆ ದಣಿದವರು ಗೊತ್ತಾಗದೆಯೇ ಮೇಲೆ ಮೇಲೆ ಒತ್ತುತ್ತಾರೆ. ಆಂಬುಲೆನ್ಸ್‌ನವರು ಬಂದು ಕೈ ಹಚ್ಚುವವರೆಗೆ ನಿಲ್ಲಿಸಬೇಡಿ. ಆಫೀಸು, ಮಾಲ್, ವಿಮಾನ ನಿಲ್ದಾಣಗಳಲ್ಲಿ ಗೋಡೆಗೆ ಹಾಕಿದ ಎ.ಇ.ಡಿ. ಎಂಬ ಪೆಟ್ಟಿಗೆ ಇದ್ದರೆ ತರಿಸಿ. ತೆರೆದರೆ ಅದೇ ಮಾತಾಡಿ ದಾರಿ ಹೇಳುತ್ತದೆ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಎದೆ ಒತ್ತುವುದರ ಜೊತೆಗೆ ಉಸಿರನ್ನೂ ಕೊಡಬೇಕು. ಅದನ್ನು ತರಬೇತಿಯಲ್ಲಿ ಕಲಿಯಿರಿ.

ಪಕ್ಕೆಲುಬು ಮುರಿದರೆ? ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ಉಚಿತವಾಗಿ, ಔಷಧದಂಗಡಿಯ ಚೀಟಿ ಇಲ್ಲದೆ ಸಿಗುವ ರಕ್ತದೊತ್ತಡದ ಔಷಧ ಇದೊಂದೇ.

ನಾನು ಕಾಕುಗೆ ಮೊದಲು ಅರ್ಧ ಉತ್ತರ ಮಾತ್ರ ಹೇಳಿದ್ದೆ. “ತಡ ಆಗಿತ್ತಂತ್ರಿ ಕಾಕೂ” ಎಂದು ಸುಮ್ಮನಾಗಿದ್ದೆ. ಉಳಿದರ್ಧ ಹೇಳುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಹೇಳಿದ ದಿನ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರ ಎಲ್ಲಾರಿಗೂ ಕಲಸೂಣು” ಎಂದರು.

ಅಣ್ಣನ ಮಗಳೂ ಅವಳ ಗೆಳತಿಯರೂ ಒಂದು ಭಾನುವಾರ ನಮ್ಮ ಸೊಸೈಟಿಯ ಹಾಲ್‌ಗೆ ರಬ್ಬರಿನ ಗೊಂಬೆ ತಂದು ಎಲ್ಲರಿಗೂ ಕಲಿಸಿದರು. ಕಾಕುಗೆ ಮೊಣಕಾಲು ನೋವು, ನೆಲಕ್ಕೆ ಕೂರಲಾಗದು. ಅವರು ಕುರ್ಚಿಯಲ್ಲಿ ಕುಳಿತು, ಒತ್ತುತ್ತಿದ್ದ ಹುಡುಗರಿಗೆ ಗಟ್ಟಿಯಾಗಿ ಎಣಿಸಿದರು: ಒಂದು, ಎರಡು, ಮೂರು, ನಾಲ್ಕು... ಇಂಗ್ಲಿಷಿನಲ್ಲಿ ಎಣಿಸುತ್ತಿದ್ದ ಹುಡುಗರೂ ಮೂವತ್ತರ ಹೊತ್ತಿಗೆ ಕನ್ನಡಕ್ಕೆ ಬಂದಿದ್ದರು.

ಮಕ್ಕಳೇ, ನಮ್ಮ ಸಂಘದಲ್ಲಿ ನಾಟಕಕ್ಕೆ, ರಾಜ್ಯೋತ್ಸವಕ್ಕೆ ನೀವು ಎಷ್ಟೊಂದು ಜನ ಸೇರುತ್ತೀರಿ. ಹಾಗೆಯೇ ಒಂದು ಭಾನುವಾರ ಇದಕ್ಕೂ ಸೇರಿ. ನಿಮ್ಮ ತಂದೆ ತಾಯಂದಿರು ಊರು, ಬಂಧು ಬಳಗ ಬಿಟ್ಟು ಇಲ್ಲಿಗೆ ಬಂದವರು. ಅವರಿಗೆ ಇಲ್ಲಿ ಎಲ್ಲರಿಗಿಂತ ಹತ್ತಿರದವರು ನೀವೇ, ನೆರೆಹೊರೆಯವರೇ. ನಾನು ಅಂದು ನೀರಿನ ಲೋಟ ಹಿಡಿದು ನಿಂತಂತೆ ನೀವು ನಿಲ್ಲುವ ಗಳಿಗೆ ಬಾರದಿರಲಿ. ಬಂದರೆ, ಲೋಟ ಪಕ್ಕಕ್ಕಿಟ್ಟು ಮೊಣಕಾಲೂರಿ.